ಅಮ್ಮನ ಟ್ರಂಕಿನಲ್ಲಿ ಸಿಕ್ಕ ಗೋಧಿ ಚೀಲ: ಅಮೆರಿಕ ನಮಗೆ ಧಾನ್ಯ ಕಳಿಸಿದ್ದು ಯಾಕೆ?

ಮೇಷ್ಟ್ರ ಮಗಳು:
ಎಲ್ಲರಿಗೂ ನಮಸ್ಕಾರ. ಹೋದ ವಾರ ಊರಿನ ಮನೆಯ ಅಟ್ಟ ಕ್ಲೀನ್ ಮಾಡುವಾಗ ಅಮ್ಮನ ಹಳೇ ಟ್ರಂಕ್ ಸಿಕ್ಕಿತು. ಒಳಗೆ ಧಾರೆ ಸೀರೆಗೆ ಒಂದು ದಪ್ಪ ಬಟ್ಟೆ ಸುತ್ತಿಟ್ಟಿದ್ದರು. ಬಿಡಿಸಿ ನೋಡಿದರೆ ಅದು ಚೀಲ. ಹೊಲಿಗೆ ಬಿಚ್ಚಿ ಅಗಲ ಮಾಡಿದ್ದಾರೆ. ಮೇಲೆ ಮಾಸಿದ ಬಣ್ಣದಲ್ಲಿ ಎರಡು ಕೈ ಕುಲುಕುವ ಚಿತ್ರ, ಹಿಂದೆ ಗುರಾಣಿ, ಪಟ್ಟೆ, ನಕ್ಷತ್ರ. ಕೆಳಗೆ ಇಂಗ್ಲಿಷ್ ಅಕ್ಷರ. ಅರ್ಥ ಇಷ್ಟೇ: ಇದು ಅಮೆರಿಕದ ಜನ ಕೊಟ್ಟದ್ದು, ಮಾರಬಾರದು, ಅದಲುಬದಲು ಮಾಡಬಾರದು.

ಅಮ್ಮ 60ರ ದಶಕದಲ್ಲಿ ತುಮಕೂರು ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿದವರು. ಮಧ್ಯಾಹ್ನ ಕೊಡುತ್ತಿದ್ದ ಉಪ್ಪಿಟ್ಟನ್ನು ಈಗಲೂ ನೆನೆಯುತ್ತಾರೆ. ದೊಡ್ಡ ಹುಡುಗರು ಸೌದೆ ತರಬೇಕಿತ್ತು, ಹುಡುಗಿಯರು ಮುತ್ತುಗದ ಎಲೆ. ಹಾಲಿನ ಪುಡಿ ಕಲಸಿದ ಹಾಲಿಗೆ ಒಂಥರಾ ವಾಸನೆ ಇತ್ತಂತೆ, ಗಂಟು ಗಂಟಾಗಿರುತ್ತಿತ್ತಂತೆ. ಆದರೂ ಲೋಟ ಒರೆಸಿ ಕುಡಿಯುತ್ತಿದ್ದರಂತೆ.

ಚೀಲ ನೋಡಿದ್ದೇ ಮನೆಯಲ್ಲಿ ಜಗಳ ಶುರು. "ಸಮುದ್ರಕ್ಕೆ ಸುರಿಯೋ ಮಾಲನ್ನ ನಮಗೆ ಕಳಿಸಿದರು" ಅಂತ ನನ್ನ ತಮ್ಮ. "ಅದು ಬರದಿದ್ದರೆ ನೀನು ಹುಟ್ಟುತ್ತಲೇ ಇರಲಿಲ್ಲ ಕಣೋ" ಅಂತ ಸೋದರಮಾವ. ಅದೇ ಮಾವ ಇನ್ನೊಂದು ಮಾತೂ ಹೇಳಿದರು. ಅವರಪ್ಪ ರೇಷನ್ ಅಂಗಡಿಯಲ್ಲಿ ದುಡ್ಡು ಕೊಟ್ಟೇ ಅಮೆರಿಕದ ಗೋಧಿ ತರುತ್ತಿದ್ದರಂತೆ. ಹಾಗಾದರೆ "ಮಾರಬಾರದು" ಅಂತ ಬರೆದದ್ದು ಯಾಕೆ? ನಡುವೆ ಯಾರೋ ತಿಂದರಾ? ಗೊತ್ತಿರುವವರು ದಯವಿಟ್ಟು ಹೇಳಿ. ಇಷ್ಟು ವರ್ಷ ಅಮ್ಮ ತಿಂದ ಅನ್ನದ ಕಥೆ ನನಗೇ ಗೊತ್ತಿಲ್ಲ ಅನ್ನೋದು ತುಂಬಾ ಚುಚ್ಚುತ್ತಿದೆ.

ಲೆಕ್ಕದ ಪುಸ್ತಕ:
ಮೇಡಂ, ಯಾರೂ ತಿಂದಿಲ್ಲ. ನಿಮ್ಮಮ್ಮ ತಿಂದ ಗೋಧಿಯೂ ನಿಮ್ಮ ಅಜ್ಜ ಕೊಂಡ ಗೋಧಿಯೂ ಒಂದೇ ಕಾನೂನಿನ ಎರಡು ಬೇರೆ ಬೇರೆ ಭಾಗಗಳಲ್ಲಿ ಬಂದವು.

ಕಾನೂನಿನ ಹೆಸರು ಪಿಎಲ್ 480, ಅಂದರೆ ಅಮೆರಿಕದ ಪಬ್ಲಿಕ್ ಲಾ 480. ಅಧ್ಯಕ್ಷ ಐಸೆನ್‌ಹೋವರ್ 1954ರ ಜುಲೈ 10ರಂದು ಸಹಿ ಹಾಕಿದರು. ಇದರ ಮೊದಲನೇ ಭಾಗದಲ್ಲಿ ಅಮೆರಿಕ ಧಾನ್ಯವನ್ನು ಮಾರುತ್ತಿತ್ತು. ಡಾಲರ್‌ಗೆ ಅಲ್ಲ, ಕೊಳ್ಳುವ ದೇಶದ ಸ್ವಂತ ದುಡ್ಡಿಗೆ. ನಮಗೆ ರೂಪಾಯಿಗೆ. ನಮ್ಮ ಸರ್ಕಾರ ಆ ಗೋಧಿಯನ್ನು ರೇಷನ್ ಅಂಗಡಿಗಳಿಗೆ ಹಂಚಿತು. ನಿಮ್ಮ ಅಜ್ಜ ಕೊಂಡದ್ದು ಇದನ್ನು. ಇನ್ನೊಂದು ಭಾಗ ಪೂರ್ತಿ ದಾನ. ಅದು ಕೇರ್‌ನಂಥ ಸೇವಾ ಸಂಸ್ಥೆಗಳ ಮೂಲಕ ಶಾಲೆಗಳಿಗೆ ಬರುತ್ತಿತ್ತು. ಕೈ ಕುಲುಕುವ ಚಿತ್ರದ ಚೀಲ ಅಲ್ಲಿಂದ ಬಂದದ್ದು. ಉಪ್ಪಿಟ್ಟಿಗೆ ಹಾಕುತ್ತಿದ್ದುದು ಬಲ್ಗರ್, ಅಂದರೆ ಬೇಯಿಸಿ ಒಣಗಿಸಿ ಒಡೆದ ಗೋಧಿ.

ಪ್ರಮಾಣ ನೋಡಿದರೆ ಮಾರಾಟದ ಪಾಲೇ ಬಹಳ ದೊಡ್ಡದು. 1960ರ ಮೇ ತಿಂಗಳಲ್ಲಿ ನಮ್ಮ ಆಹಾರ ಮಂತ್ರಿ ಎಸ್.ಕೆ. ಪಾಟೀಲ್ ವಾಷಿಂಗ್ಟನ್ನಿಗೆ ಹೋಗಿ ಐಸೆನ್‌ಹೋವರ್ ಜೊತೆ ಸಹಿ ಮಾಡಿದ ಒಂದೇ ಒಪ್ಪಂದದಲ್ಲಿ ನಾಲ್ಕು ವರ್ಷಕ್ಕೆ 1 ಕೋಟಿ 60 ಲಕ್ಷ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ ಇತ್ತು.

ಬೀದರ್ ಬಸ್ಸು:
ಸರ್, ರೂಪಾಯಿ ತಗೊಂಡು ಅಮೆರಿಕ ಏನು ಮಾಡುತ್ತದೆ? ಅಲ್ಲಿ ನಮ್ಮ ರೂಪಾಯಿ ನಡೆಯುತ್ತಾ?

ಲೆಕ್ಕದ ಪುಸ್ತಕ:
ನಡೆಯಲ್ಲ. ಅದಕ್ಕೇ ಈ ಕಾನೂನನ್ನು ಅಮೆರಿಕದ ಕಡೆಯಿಂದ ನೋಡಬೇಕು. ಮಹಾಯುದ್ಧದ ಕಾಲದಲ್ಲಿ "ಎಷ್ಟಾದರೂ ಬೆಳೆಯಿರಿ, ಬೆಲೆಗೆ ನಾವು ಹೊಣೆ" ಅಂತ ಸರ್ಕಾರ ರೈತರಿಗೆ ಮಾತು ಕೊಟ್ಟಿತ್ತು. ಯುದ್ಧ ಮುಗಿಯಿತು, ಮಾತು ಮಾತ್ರ ಉಳಿಯಿತು. ರೈತರ ವೋಟು ಯಾವ ಪಕ್ಷಕ್ಕೆ ಬೇಡ? ಬೆಂಬಲ ಬೆಲೆ ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಬೆಲೆ ಬೀಳದಂತೆ ಸರ್ಕಾರವೇ ಧಾನ್ಯ ಹಿಡಿದಿಡಬೇಕಾಯಿತು. ಗೋದಾಮು ತುಂಬಿದವು. 50ರ ದಶಕದಲ್ಲಿ ಹಡ್ಸನ್ ನದಿಯಲ್ಲಿ ಸುಮ್ನೆ ನಿಂತಿದ್ದ ಯುದ್ಧಕಾಲದ ಸರಕು ಹಡಗುಗಳ ಹೊಟ್ಟೆಯೊಳಗೂ ಗೋಧಿ ತುಂಬಿಟ್ಟರು. 60ರ ಸುಮಾರಿಗೆ ವರ್ಷದ ಕೊನೆಗೆ ಮಿಕ್ಕುತ್ತಿದ್ದ ಗೋಧಿಯೇ ನೂರು ಕೋಟಿ ಬುಶೆಲ್ ದಾಟಿತ್ತು. ಒಂದು ಬುಶೆಲ್ ಅಂದರೆ ಹತ್ತಿರ ಹತ್ತಿರ 27 ಕಿಲೋ.

ಇಟ್ಟುಕೊಳ್ಳುವುದಕ್ಕೂ ಖರ್ಚು. ಡಾಲರ್ ಕೊಟ್ಟು ಕೊಳ್ಳುವವರ ಮಾರುಕಟ್ಟೆಗೆ ಸುರಿದರೆ ಬೆಲೆ ಕುಸಿಯುತ್ತದೆ. ಹಾಗಾಗಿ ಡಾಲರ್ ಇಲ್ಲದವರಿಗೆ ಅವರ ದುಡ್ಡಿಗೇ ಕೊಟ್ಟರು. ಜೊತೆಗೆ ಕನಿಷ್ಠ ಅರ್ಧ ಸರಕು ಅಮೆರಿಕದ ಹಡಗಿನಲ್ಲೇ ಹೋಗಬೇಕು ಅನ್ನುವ ನಿಯಮವೂ 1954ರಲ್ಲೇ ಬಂತು. ರೈತರಿಗೂ ಖುಷಿ, ಹಡಗಿನವರಿಗೂ ಖುಷಿ. ಮೇಡಂ, ನಿಮ್ಮ ತಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಿಕ್ಕಿದ್ದನ್ನೇ ಕಳಿಸಿದರು. ಆದರೆ ಮಿಕ್ಕಿದ್ದು ಅಂದರೆ ಹಾಳಾಗಿದ್ದು ಅಂತಲ್ಲ.

ಕೆಂಪು ಜೋಳ:
ನಾನು ವಿಜಯಪುರದ ಕಡೆಯವನು. ನಮ್ಮ ಅಜ್ಜಿ ಅಮೆರಿಕದ ಕೆಂಪು ಜೋಳದ ಬಗ್ಗೆ ಹೇಳುತ್ತಿದ್ದಳು. ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತಿತ್ತಂತೆ. "ದನದ ಜ್ವಾಳ" ಅನ್ನುತ್ತಿದ್ದಳು. ಅದು ನಿಜವೇ. ಅವರು ಆ ತಳಿ ಬೆಳೆಯುತ್ತಿದ್ದುದು ಹೆಚ್ಚಾಗಿ ದನಕರುಗಳಿಗೆ. ಬಿಳಿ ಜೋಳದ ರೊಟ್ಟಿ ತಿಂದು ಬೆಳೆದ ಹೆಂಗಸಿಗೆ ಅದೊಂದು ಅವಮಾನ. ಹಸಿವಿನ ಮುಂದೆ ಅವಮಾನ ನುಂಗಿದಳು, ಅಷ್ಟೆ. ಇದನ್ನು "ಸಹಾಯ" ಅಂತ ಕರೆಯುವಾಗ ಸ್ವಲ್ಪ ಯೋಚನೆ ಮಾಡೋಣ.

ಇನ್ನೊಂದು. 1950ರ ಕೊನೆಗೆ, ಬರ ಬಂದಾಗ, ನೆಹರೂ 20 ಲಕ್ಷ ಟನ್ ಧಾನ್ಯ ಕೇಳಿದರು. ಅಧ್ಯಕ್ಷ ಟ್ರೂಮನ್ 1951ರ ಫೆಬ್ರವರಿಯಲ್ಲೇ ಕೊಡೋಣ ಅಂತ ಅಮೆರಿಕದ ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ, ಹೇಳಿದರು. ಕೊರಿಯಾ ಯುದ್ಧದಲ್ಲಿ ಭಾರತ ತಮ್ಮ ಪರ ನಿಲ್ಲಲಿಲ್ಲ ಅಂತ ಕಾಂಗ್ರೆಸ್ ಸದಸ್ಯರು ಜೂನ್ ತನಕ ಎಳೆದರು. ಕೊನೆಗೆ ಕೊಟ್ಟಿದ್ದು ದಾನವಲ್ಲ, 19 ಕೋಟಿ ಡಾಲರ್ ಸಾಲ. ಪಿಎಲ್ 480 ಹುಟ್ಟುವ ಮೊದಲೇ ಈ ಚಾಳಿ ಇತ್ತು. 1957ರಲ್ಲಿ ಸೆನೆಟರ್ ಹ್ಯೂಬರ್ಟ್ ಹಂಫ್ರಿ ಒಂದು ವಿಚಾರಣೆಯಲ್ಲಿ ಬಾಯಿಬಿಟ್ಟೇ ಹೇಳಿದ್ದಾರೆ. ಬೇರೆಯವರು ನಮಗೆ ಆತುಕೊಳ್ಳಬೇಕು, ನಮ್ಮ ಜೊತೆ ಸಹಕರಿಸಬೇಕು ಅಂದರೆ ಊಟಕ್ಕೆ ನಮ್ಮನ್ನೇ ನಂಬಿಕೊಂಡಿರುವುದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನೋ ಅರ್ಥದಲ್ಲಿ.

ಹೆಬ್ಬಾಳದ ಹಳಬ:
ಕೆಂಪು ಜೋಳ ಅವರೇ, ನಿಮ್ಮ ಅಜ್ಜಿಯ ಮಾತು ಒಪ್ಪುತ್ತೇನೆ. ಆದರೆ ಕಥೆಯ ಮುಖ್ಯ ಭಾಗ ಅಮೆರಿಕದ ಅಧ್ಯಕ್ಷ ಜಾನ್ಸನ್ ಕಾಲದ್ದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

1965ರಲ್ಲಿ ಹಳೇ ಒಪ್ಪಂದ ಮುಗಿಯಿತು. ಲಿಂಡನ್ ಜಾನ್ಸನ್ ಹೊಸದಾಗಿ ಬಹುವರ್ಷದ ಒಪ್ಪಂದ ಮಾಡಲಿಲ್ಲ. ತಿಂಗಳು, ಎರಡು ತಿಂಗಳಿಗೆ ಸಾಲುವಷ್ಟು ಮಾತ್ರ ಮಂಜೂರು ಮಾಡುತ್ತಾ ಹೋದರು. ಹಸುವನ್ನು ಗಿಡ್ಡ ಹಗ್ಗದಲ್ಲಿ ಗೂಟಕ್ಕೆ ಕಟ್ಟಿದ ಹಾಗೆ. ಇಂಗ್ಲಿಷಿನಲ್ಲೂ ಆ ನೀತಿಗೆ ಗಿಡ್ಡ ಹಗ್ಗ ಅನ್ನೋ ಹೆಸರೇ ಉಳಿದಿದೆ. ಅದೇ ವರ್ಷ ಮಳೆ ಕೈಕೊಟ್ಟಿತು. ಪಾಕಿಸ್ತಾನದ ಜೊತೆ ಯುದ್ಧ ಆಯಿತು. ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಅಂತ ದೇಶವನ್ನು ಕೇಳಿಕೊಂಡರು. ಮರುವರ್ಷವೂ ಮಳೆ ಇಲ್ಲ. ಬಿಹಾರದಲ್ಲಿ ಪರಿಸ್ಥಿತಿ ಭೀಕರ. 1966ರಲ್ಲಿ ನಾವು ಹೊರಗಿನಿಂದ ತರಿಸಿದ ಧಾನ್ಯ 1 ಕೋಟಿ ಟನ್ ದಾಟಿತು. ಅಮೆರಿಕ ಬೆಳೆದ ಗೋಧಿಯಲ್ಲಿ ಐದರಲ್ಲೊಂದು ಪಾಲು ಭಾರತಕ್ಕೆ ಬಂತು. ಹಡಗಿನಿಂದ ನೇರ ಬಾಯಿಗೆ ಅನ್ನೋ ಮಾತು ಹುಟ್ಟಿದ್ದು ಆಗಲೇ. ಹಡಗು ಒಂದು ವಾರ ತಡವಾದರೆ ರೇಷನ್ ಅಂಗಡಿ ಖಾಲಿ.

ಇಂಥ ಹೊತ್ತಿನಲ್ಲಿ ಪ್ರತಿ ಹಡಗಿನ ನಿರ್ಧಾರವೂ ಶ್ವೇತಭವನದ ಮೇಜಿನ ಮೇಲೆ. ಭಾರತದಲ್ಲಿ ಎಲ್ಲಿ ಮಳೆ ಬಿತ್ತು, ಎಲ್ಲಿ ಬೀಳಲಿಲ್ಲ ಅಂತ ತಮಗೆ ನಿಖರವಾಗಿ ಗೊತ್ತಿರುತ್ತಿತ್ತು ಅಂತ ಜಾನ್ಸನ್ ತಾವೇ ಬರೆದುಕೊಂಡಿದ್ದಾರೆ. ಟೆಕ್ಸಸ್ಸಿನ ಒಣ ನೆಲದಲ್ಲಿ ಬೆಳೆದ ಮನುಷ್ಯ. ಮಳೆಯ ಬೆಲೆ ಗೊತ್ತಿತ್ತು. ಆದರೂ 1966ರ ಕೊನೆಯಲ್ಲಿ ಅವರದ್ದೇ ಅಧಿಕಾರಿಗಳು "ಕಳಿಸಿಬಿಡಿ ಸರ್" ಅಂದಾಗಲೂ ವಾರಗಟ್ಟಲೆ ತಡೆದರು.

ಯಾಕೆ? ನನಗೆ ಎರಡು ಕಾರಣ ಕಾಣುತ್ತವೆ. ಒಂದು, ಭಾರತ ಕಾರ್ಖಾನೆ ಕಟ್ಟುವುದರಲ್ಲೇ ಮುಳುಗಿ ಹೊಲ ಮರೆತಿದೆ ಅನ್ನೋ ಸಿಟ್ಟು. ಅದು ಬರೀ ನೆಪ ಅಲ್ಲ. 1965ರ ನವೆಂಬರಿನಲ್ಲಿ ಅವರ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಮತ್ತು ನಮ್ಮ ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ ರೋಮ್‌ನಲ್ಲಿ ಕೂತು ಗೊಬ್ಬರ, ಬೀಜ, ಕೃಷಿ ಬಜೆಟ್ ಎಲ್ಲದರ ಬಗ್ಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಇನ್ನೊಂದು, ಅಮೆರಿಕ ಆಗ ನಡೆಸುತ್ತಿದ್ದ ವಿಯೆಟ್ನಾಂ ಯುದ್ಧ. ಇಂದಿರಾ ಗಾಂಧಿ 1966ರ ಮಾರ್ಚಿನಲ್ಲಿ ವಾಷಿಂಗ್ಟನ್ನಿಗೆ ಹೋದಾಗ ಜಾನ್ಸನ್ ತುಂಬಾ ಆದರ ತೋರಿಸಿದರು. ಜುಲೈನಲ್ಲಿ ಇಂದಿರಾ ಮಾಸ್ಕೋಗೆ ಹೋಗಿ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಬೇಕು ಅನ್ನೋ ಹೇಳಿಕೆಗೆ ಸಹಿ ಹಾಕಿದರು. ಅಲ್ಲಿಂದ ಹಗ್ಗ ಇನ್ನೂ ಬಿಗಿಯಾಯಿತು.

ಬೀದರ್ ಬಸ್ಸು:
ಹಾಗಾದರೆ ಹಸಿರು ಕ್ರಾಂತಿ ಆಗಿದ್ದು ಜಾನ್ಸನ್ ಹೆದರಿಸಿದ್ದರಿಂದ ಅಂತೀರಾ?

ಹೆಬ್ಬಾಳದ ಹಳಬ:
ಇಲ್ಲಪ್ಪಾ. ಹಾಗೆ ಹೇಳಿದರೆ ನಮ್ಮವರಿಗೆ ಅನ್ಯಾಯ. ಸುಬ್ರಹ್ಮಣ್ಯಂ ಅವರಿಗೆ ಮೊದಲೇ ದಾರಿ ಗೊತ್ತಿತ್ತು. ಸ್ವಾಮಿನಾಥನ್ ಅವರಂಥ ವಿಜ್ಞಾನಿಗಳು ಅಮೆರಿಕದ ವಿಜ್ಞಾನಿ ಬೋರ್ಲಾಗ್ ಅವರ ಗಿಡ್ಡ ಗೋಧಿ ತಳಿಗಳನ್ನು ಆಗಲೇ ಬೆಳೆದು ನೋಡುತ್ತಿದ್ದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತಂದರು. ಆ ಕಾಲಕ್ಕೆ ಅಷ್ಟು ಬೀಜ ಒಂದೇ ಸಲ ತರುವುದು ಅಂದರೆ ಎದೆಗಾರಿಕೆ ಬೇಕು. 1964-65ರಲ್ಲಿ 1.23 ಕೋಟಿ ಟನ್ ಇದ್ದ ಗೋಧಿ ಬೆಳೆ 1967-68ರಲ್ಲಿ 1.65 ಕೋಟಿ ಟನ್ ಆಯಿತು. ಪಾಪ, ಸುಬ್ರಹ್ಮಣ್ಯಂ ಅಷ್ಟರಲ್ಲಿ 67ರ ಚುನಾವಣೆಯಲ್ಲಿ ಸೋತಿದ್ದರು.

ಅಮೆರಿಕದಿಂದ ಬಂದ ಒಳ್ಳೆಯದನ್ನೂ ಹೇಳಬೇಕು. ನಾನು ಓದಿದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾಯಿತು. ಟೆನೆಸ್ಸೀ ವಿಶ್ವವಿದ್ಯಾಲಯದವರು ಕೈಜೋಡಿಸಿದ್ದರು. ಕ್ಲಾಸಿನಲ್ಲಿ ಕಲಿತದ್ದನ್ನು ರೈತನ ಹೊಲಕ್ಕೆ ಒಯ್ಯಬೇಕು ಅನ್ನೋ ಪಾಠ ಅಲ್ಲಿಂದ ಬಂದದ್ದು. ಅದೇ ಸರ್ಕಾರದ ಒಂದು ಕೈ ಹಗ್ಗ ಎಳೆಯುತ್ತಿತ್ತು, ಇನ್ನೊಂದು ಕೈ ಕಲಿಸುತ್ತಿತ್ತು. ನನಗೆ ಎರಡೂ ನಿಜ.

ರಾಗಿ ಮುದ್ದೆ:
ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಹೊರಗಿನಿಂದ ಅಗ್ಗದ ಗೋಧಿ ಹರಿದು ಬಂದರೆ ನಮ್ಮ ರೈತನಿಗೆ ಬೆಲೆ ಎಲ್ಲಿ ಸಿಗುತ್ತದೆ? ಬೆಲೆ ಸಿಗದಿದ್ದರೆ ಅವನು ಜಾಸ್ತಿ ಯಾಕೆ ಬೆಳೆಯುತ್ತಾನೆ? ಈ ಪ್ರಶ್ನೆಯನ್ನು 1960ರಲ್ಲೇ ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಸ್ ಎತ್ತಿದ್ದರು. ಅಲ್ಲಿನ ರೈತನಿಗೆ ಬೆಂಬಲ ಬೆಲೆ, ಇಲ್ಲಿನ ರೈತನಿಗೆ ಅವನ ಧಾನ್ಯದ ಪೈಪೋಟಿ. ದೆಹಲಿಯವರಿಗೂ ಇದು ಸಲೀಸಾಗಿತ್ತು ಅಂತ ನನ್ನ ಅನಿಸಿಕೆ. ಪಟ್ಟಣದ ರೇಷನ್ ತುಂಬಿದರೆ ಗಲಾಟೆ ಇಲ್ಲ. ಹಳ್ಳಿಯ ಕಡೆ ನೋಡುವ ಅಗತ್ಯ ಬೀಳಲಿಲ್ಲ.

ಕಳೆ ಕೀಳುವವ:
ಗೋಧಿ ಜೊತೆ ಕಾಂಗ್ರೆಸ್ ಗಿಡವೂ ಬಂತಲ್ಲ, ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ? ನಮ್ಮ ತೋಟದ ಬದುವಿನಲ್ಲಿ ವರ್ಷವೂ ಕಿತ್ತು ಕಿತ್ತು ಕೈಯೆಲ್ಲ ತುರಿಕೆ. ಪಿಎಲ್ 480 ಗೋಧಿಯ ಕೊಡುಗೆ ಇದು.

ಹೆಬ್ಬಾಳದ ಹಳಬ:
ಎಲ್ಲರೂ ಹೀಗೇ ಹೇಳುತ್ತಾರೆ, ಆದರೆ ತಾರೀಕು ಹೊಂದುವುದಿಲ್ಲ. ಪುಣೆಯಲ್ಲಿ ಆ ಗಿಡ ಕಣ್ಣಿಗೆ ಬಿದ್ದದ್ದು 1955ರಲ್ಲಿ. ಭಾರತದ ಜೊತೆ ಮೊದಲ ಪಿಎಲ್ 480 ಒಪ್ಪಂದ ಆದದ್ದು 1956ರ ಆಗಸ್ಟಿನಲ್ಲಿ. ಗೋಧಿ ಬರುವ ಮೊದಲೇ ಗಿಡ ಬಂದಿತ್ತು! ಅದಕ್ಕಿಂತ ಮೊದಲಿನ ಧಾನ್ಯದ ಹಡಗುಗಳಲ್ಲಿ, ಉದಾಹರಣೆಗೆ 1951ರ ಸಾಲದ ಧಾನ್ಯದಲ್ಲಿ ಬೀಜ ಬಂದಿರಬಹುದು. ಅದು ಊಹೆ ಮಾತ್ರ. ಅಂದಹಾಗೆ ಅದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಮಳೆಗಾಲದಲ್ಲಿ ಎಲೆ ಜರಡಿಯಾಗಿದ್ದರೆ ಅದರದೇ ಕೆಲಸ.

ಶಿಕಾಗೋ ಅಕ್ಕ:
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮನೆ ನೆನಪು ತಡೆಯಲಾರದೆ ಶಿಕಾಗೋ ವಿಶ್ವವಿದ್ಯಾಲಯದ ರೆಗೆನ್‌ಸ್ಟೈನ್ ಲೈಬ್ರರಿಗೆ ಹೋಗುತ್ತಿದ್ದೆ. ಅಲ್ಲಿ ಕಪಾಟುಗಟ್ಟಲೆ ಕನ್ನಡ ಪುಸ್ತಕ! 60ರ ದಶಕದ ಕವನ ಸಂಕಲನ, ಜಿಲ್ಲೆಯಲ್ಲೂ ಸಿಗದ ಸಣ್ಣ ಪ್ರಕಾಶಕರ ಕಾದಂಬರಿ. ನಮ್ಮೂರಿನ ಲೈಬ್ರರಿಯಲ್ಲಿ ಗೆದ್ದಲು ತಿಂದು ಮುಗಿಸಿದ ಪುಸ್ತಕ ಇಲ್ಲಿ ಗಟ್ಟಿ ಬೈಂಡಿನಲ್ಲಿ ನಿಂತಿತ್ತು. ಯಾರು ತಂದರು ಇವನ್ನೆಲ್ಲ ಅಂತ ಅಲ್ಲಿನವರನ್ನು ಕೇಳಿದೆ. ಉತ್ತರ ಪಿಎಲ್ 480.

ಲೆಕ್ಕದ ಪುಸ್ತಕ ಅವರು ಹೇಳಿದ ರೂಪಾಯಿ ಇದೆಯಲ್ಲ, ಅಮೆರಿಕ ಅದನ್ನು ಭಾರತದಲ್ಲೇ ಖರ್ಚು ಮಾಡಬೇಕಿತ್ತು. 1962ರಿಂದ ಅದರಲ್ಲಿ ಒಂದು ಸಣ್ಣ ಪಾಲಿನಿಂದ ಅವರ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯ ಕಚೇರಿಯ ಮೂಲಕ ನಮ್ಮ ಭಾಷೆಗಳ ಹೊಸ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಮೇಡಂ, ನಿಮ್ಮ ಅಜ್ಜ ರೇಷನ್ ಅಂಗಡಿಯಲ್ಲಿ ಕೊಟ್ಟ ದುಡ್ಡಿನಂಥದ್ದೇ ದುಡ್ಡಿನಿಂದ ಬಂದ ಪುಸ್ತಕ ಹಿಡಿದು ನಾನು ಇಲ್ಲಿ ಅತ್ತಿದ್ದೇನೆ. ಇದು ಗೊತ್ತಾದ ದಿನ ಮೈ ಜುಮ್ ಅಂತು.

ಒಂದು ಸಲ ಕ್ಯಾನ್ಸಸ್ ಕಡೆ ಕಾರಿನಲ್ಲಿ ಹೋಗಿದ್ದೆವು. ಹಚಿನ್ಸನ್ ಅನ್ನೋ ಊರಿನಲ್ಲಿ ಸುಮಾರು ಅರ್ಧ ಮೈಲಿ ಉದ್ದದ ಧಾನ್ಯದ ಕಣಜ ಇದೆ. ಕಾಂಕ್ರೀಟಿನ ದುಂಡು ಗೋಪುರಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಬಯಲಿನಲ್ಲಿ ಎಷ್ಟೋ ದೂರದಿಂದಲೇ ಕಾಣುತ್ತದೆ. ಅದರ ಮುಂದೆ ನಿಂತಾಗ ನನಗೆ ಇಬ್ಬರ ಕಷ್ಟವೂ ಒಟ್ಟಿಗೆ ಅರ್ಥವಾಯಿತು. ಇಷ್ಟು ಬೆಳೆದವನಿಗೆ ಎಲ್ಲಾದರೂ ಸಾಗಿಸಲೇಬೇಕು. ಬೆಳೆಯದವನಿಗೆ ಎಲ್ಲಿಂದಾದರೂ ಬರಲೇಬೇಕು.

ಕೆಂಪು ಜೋಳ:
ಅಕ್ಕ, ಓದಿ ನನಗೂ ಕಣ್ಣು ತುಂಬಿತು. ಆದರೂ ಒಂದು ಮಾತು ಹೇಳದೆ ಬಿಡಲಾರೆ. ಸಾಗಿಸಲೇಬೇಕು ಅನ್ನೋದು ಕಣಜ ತುಂಬಿರುವ ತನಕ ಮಾತ್ರ. 1972ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಬೆಳೆ ಕೈಕೊಟ್ಟಿತು. ಅವರು ಅಮೆರಿಕದ ಖಾಸಗಿ ಧಾನ್ಯ ಕಂಪನಿಗಳಿಂದ ಬೇರೆ ಬೇರೆಯಾಗಿ, ಸದ್ದಿಲ್ಲದೆ, ಆ ವರ್ಷದ ಅಮೆರಿಕದ ಗೋಧಿ ಬೆಳೆಯಲ್ಲಿ ಸುಮಾರು ಕಾಲು ಭಾಗ ಕೊಂಡುಬಿಟ್ಟರು. ನಿಕ್ಸನ್ ಸರ್ಕಾರ ಆ ರಫ್ತಿಗೆ ಸಬ್ಸಿಡಿ ಬೇರೆ ಕೊಟ್ಟಿತು. ದಾಸ್ತಾನು ಕರಗಿತು. ಗೋಧಿ ಬೆಲೆ ಆಕಾಶಕ್ಕೆ ಏರಿತು. ಅಮೆರಿಕದ ಹೆಂಗಸರೇ ಬ್ರೆಡ್ಡಿನ ಬೆಲೆಗೆ ಬೈದರು.

ಆಗ ದಾನದ ಧಾನ್ಯಕ್ಕೆ ಏನಾಯಿತು? ಕಡಿಮೆ ಆಯಿತು. ಜಗತ್ತಿಗೆ ಹಸಿವು ಜಾಸ್ತಿಯಾದ ಹೊತ್ತಿನಲ್ಲೇ ಕಡಿಮೆ ಆಯಿತು. ಉಳಿದದ್ದರಲ್ಲಿ ದೊಡ್ಡ ಪಾಲು ದಕ್ಷಿಣ ವಿಯೆಟ್ನಾಂ, ಕಾಂಬೋಡಿಯಾಕ್ಕೆ ಹೋಯಿತು. 1974ರಲ್ಲಿ ಬಾಂಗ್ಲಾದೇಶ ಕ್ಷಾಮದ ಅಂಚಿನಲ್ಲಿತ್ತು. ಅವರು ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿದ್ದರು. ಕ್ಯೂಬಾ ಜೊತೆ ವ್ಯಾಪಾರ ಮಾಡುವವರಿಗೆ ಪಿಎಲ್ 480 ಧಾನ್ಯ ಇಲ್ಲ ಅನ್ನೋ ನಿಯಮ ತೋರಿಸಿ ಅಮೆರಿಕ ತಡೆಯಿತು. ಬಾಂಗ್ಲಾ ಆ ಮಾರಾಟ ನಿಲ್ಲಿಸಿತು. ಅಷ್ಟರಲ್ಲಿ ಜನ ಸಾಯುತ್ತಿದ್ದರು. ಒಂದು ಚೀಲಕ್ಕೋಸ್ಕರ! ಮೇಷ್ಟ್ರ ಮಗಳು ಅವರ ಮನೆಯ ಚೀಲದ ಮೇಲೆ ಕೈ ಕುಲುಕುವ ಚಿತ್ರ ಇದೆ. ನಾನು ಆ ಚಿತ್ರವನ್ನೂ ನಂಬುತ್ತೇನೆ, ಈ ಸಾವನ್ನೂ ಮರೆಯಲಾರೆ.

ಲೆಕ್ಕದ ಪುಸ್ತಕ:
ಕೆಂಪು ಜೋಳ ಅವರ ಮಾತಿಗೆ ನನ್ನ ಪೂರ್ತಿ ಸಹಮತ. ಬಾಂಗ್ಲಾದ ವಿಷಯದಲ್ಲಿ ಅಮೆರಿಕದ ಪರ ಮಾತಾಡಲು ನನ್ನಲ್ಲಿ ಏನೂ ಇಲ್ಲ.

ಬೀದರ್ ಬಸ್ಸು ಕೇಳಿದ ರೂಪಾಯಿಯ ಪ್ರಶ್ನೆ ಮುಗಿಸಿಬಿಡುತ್ತೇನೆ. ಆ ದುಡ್ಡು ಬೆಳೆಯುತ್ತಾ ಹೋಯಿತು. ಬಹುಪಾಲು ನಮ್ಮ ಯೋಜನೆಗಳಿಗೇ ಸಾಲವಾಗಿ ವಾಪಸ್ ಬಂತು, ಆ ಸಾಲಕ್ಕೆ ಬಡ್ಡಿ ಸೇರಿತು. ನಮ್ಮದೇ ದೇಶದ ದುಡ್ಡು ಇಷ್ಟೊಂದು ಬೇರೆ ಸರ್ಕಾರದ ಹೆಸರಿನಲ್ಲಿರುವುದು ದೆಹಲಿಗೆ ಮುಳ್ಳಿನ ಹಾಗೆ. 1971ರ ಕೊನೆಗೆ ನಾವು ಈ ಖರೀದಿ ನಿಲ್ಲಿಸಿದೆವು. ಬಾಂಗ್ಲಾ ಯುದ್ಧದಲ್ಲಿ ನಿಕ್ಸನ್ ಪಾಕಿಸ್ತಾನದ ಕಡೆ ವಾಲಿದ್ದರು. ಸಂಬಂಧ ಹಳಸಿತ್ತು. ಆಮೇಲೆ ರಾಯಭಾರಿಯಾಗಿ ಬಂದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಇದನ್ನು ಬಗೆಹರಿಸಲೇಬೇಕು ಅಂತ ಹಟ ಹಿಡಿದರು. 1974ರ ಫೆಬ್ರವರಿ 18ರಂದು ದೆಹಲಿಯಲ್ಲಿ ನಮ್ಮ ಸರ್ಕಾರಕ್ಕೆ ಒಂದು ಚೆಕ್ ಕೊಟ್ಟರು. 1,664 ಕೋಟಿ ರೂಪಾಯಿ. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಚೆಕ್ ಅಂತ ದಾಖಲೆ ಆಯಿತು. ಬಾಕಿಯಲ್ಲಿ ಮೂರರಲ್ಲಿ ಎರಡು ಪಾಲು ಹೀಗೆ ಮನ್ನಾ ಆದ ಹಾಗೆ. ಉಳಿದದ್ದನ್ನು ಅವರು ತಮ್ಮ ಖರ್ಚಿಗೆ ಇಟ್ಟುಕೊಂಡರು.

ರಾಗಿ ಮುದ್ದೆ:
ಅಂದರೆ ಆ ಗೋಧಿ ಮಾರಿಯೂ ಆಯಿತು, ಕೊಟ್ಟೂ ಆಯಿತು.

ಮೇಷ್ಟ್ರ ಮಗಳು:
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಅಮ್ಮನಿಗೆ ಒಂದೊಂದೇ ಉತ್ತರ ಓದಿ ಹೇಳಿದೆ. ಕೆಂಪು ಜೋಳ ಅವರ ಅಜ್ಜಿಯ ಮಾತು ಕೇಳಿ "ಹೌದು, ಹಂಗೇ ಇತ್ತು" ಅಂದರು. ಜಾನ್ಸನ್ ಹೆಸರು ಅಮ್ಮನಿಗೆ ಗೊತ್ತಿರಲಿಲ್ಲ. ಮಳೆ ಎಲ್ಲಿ ಬಿತ್ತು ಅಂತ ಅಷ್ಟು ದೂರ ಕೂತು ನೋಡುತ್ತಿದ್ದರು ಅಂದಾಗ "ನೋಡಿಯೂ ತಡೆದರಾ?" ಅಂತ ಕೇಳಿದರು. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ನೆನಪು ಬಂತು ಅವರಿಗೆ. ಆಕೆ ಅರ್ಧ ಉಪ್ಪಿಟ್ಟು ತಿಂದು, ಉಳಿದದ್ದನ್ನು ಎಲೆ ಸಮೇತ ಮಡಚಿ ಲಂಗದ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ. ಮನೆಯಲ್ಲಿ ತಮ್ಮ ಇದ್ದ. ಮೇಷ್ಟ್ರು, ಅಂದರೆ ನಮ್ಮ ತಾತ, ನೋಡಿಯೂ ನೋಡದ ಹಾಗೆ ಇರುತ್ತಿದ್ದರಂತೆ.

ಕೊನೆಗೆ ಚೀಲ ಮನೆಗೆ ಬಂದದ್ದು ಹೇಗೆ ಅಂತ ಕೇಳಿದೆ. ಉಪ್ಪು, ಒಗ್ಗರಣೆ ಸಾಮಾನು ಅಮೆರಿಕದಿಂದ ಬರುತ್ತಿರಲಿಲ್ಲವಲ್ಲ. ಅದಕ್ಕೆ ದುಡ್ಡು ಬೇಕಿತ್ತು. ಹಾಗಾಗಿ ಶಾಲೆಯಲ್ಲಿ ಖಾಲಿ ಚೀಲಗಳನ್ನು ಮಾರುತ್ತಿದ್ದರಂತೆ. ತಾತ ಎಂಟಾಣೆ ಕೊಟ್ಟು ಒಂದು ಕೊಂಡರು. ಅಜ್ಜಿ ಅದನ್ನು ಬಿಚ್ಚಿ, ಸೀಗೆಕಾಯಿ ಹಾಕಿ ಎರಡು ಸಲ ಒಗೆದರು. ಕೈ ಕುಲುಕುವ ಚಿತ್ರ ಮಾತ್ರ ಹೋಗಲಿಲ್ಲ.